ಗೆದ್ದ ತಕರಾರು

ತಿಂಗಳಿಗೊಂದು ಭಾನುವಾರ ಆ ಮನೆಯ ಊಟದ ಮೇಜು ಕೋರ್ಟಾಗುತ್ತಿತ್ತು. ಜಡ್ಜು, ವಕೀಲ, ಹೆಸರು ಕೂಗುವ ಜವಾನ, ಮೂರೂ ಒಬ್ಬಳೇ: ಮನೆಯ ಹಿರಿಸೊಸೆ. ಅವಳದು ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡುವ ಕೆಲಸ. ಬಸ್ಸು ಹತ್ತಿ ಹಿಂದಿನ ಸೀಟಿನತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಟಿಕೆಟ್ ಇಲ್ಲದವನು ತಾನಾಗಿಯೇ ಬೆವರುತ್ತಿದ್ದ. ಬೀದಿಯವರೆಲ್ಲ ಅವಳನ್ನು ಚೆಕಿಂಗ್ ಅಕ್ಕ ಎನ್ನುತ್ತಿದ್ದರು, ಮನೆಯಲ್ಲಿ ಬರೀ ಅಕ್ಕ. ಆ ಭಾನುವಾರ ಮಾತ್ರ ಅವಳ ಸ್ವಂತ ಗಂಡನೂ ಟಿಕೆಟ್ ಕಳೆದುಕೊಂಡವನ ಮುಖ ಮಾಡಿಕೊಂಡು ಎದುರು ಕೂರುತ್ತಿದ್ದ.

ಮನೆಗೆಲ್ಲ ಸೇರಿ ಒಂದೇ ಕ್ರೆಡಿಟ್ ಕಾರ್ಡಿನ ಖಾತೆ. ಮೂಲ ಕಾರ್ಡು ಅಕ್ಕನ ಹೆಸರಿನಲ್ಲಿತ್ತು. ಅದಕ್ಕೆ ಅಂಟಿಕೊಂಡ ಕಾರ್ಡುಗಳನ್ನು ಮನೆಯವರು ಮರಿಗಳು ಎನ್ನುತ್ತಿದ್ದರು. ಮಾವನಿಗೊಂದು ಮರಿ, ಅಕ್ಕನ ಗಂಡ ಭಾವನಿಗೊಂದು ಮರಿ, ಕಿರಿಸೊಸೆಗೊಂದು ಮರಿ. ಕಿರಿಮಗನಿಗೆ ಮಾತ್ರ ಬೇರೆ ಕಾರ್ಡಿತ್ತು. ಲಿಫ್ಟ್ ಕೂರಿಸುವ ಕೆಲಸ ಅವನದು, ಊರೂರು ಅಲೆಯುವವನನ್ನು ತಿಂಗಳ ಕೋರ್ಟಿಗೆ ಹಾಜರು ಮಾಡಿಸುವುದು ಅಕ್ಕನಿಂದಲೂ ಆಗುವ ಮಾತಾಗಿರಲಿಲ್ಲ.

ಅಕ್ಕ ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆಸಿ ತರುತ್ತಿದ್ದಳು. ಮಾವ ಬಡಗಿ, ಕೆಲಸ ಬಿಟ್ಟು ವರ್ಷಗಳಾದರೂ ಅವರ ಮರದ ಅಡಿಕೋಲು ಮನೆಯಲ್ಲಿತ್ತು. ಅದನ್ನು ಒಂದೊಂದು ಸಾಲಿನ ಕೆಳಗೂ ಇಟ್ಟು ಅಕ್ಕ ಓದುತ್ತಿದ್ದಳು.

"ಔಷಧಿ ಅಂಗಡಿ. ಯಾರದು?"

"ನನ್ನದು," ಎಂದು ಮಾವ ಚೀಟಿ ಮುಂದಿಡುತ್ತಿದ್ದರು.

"ಪೆಟ್ರೋಲು. ಯಾರದು?"

"ನನ್ನದು ಕಣೇ."

"ಮತ್ತೆ ಪೆಟ್ರೋಲು. ಅದೇ ದಿನ, ಅದೇ ಬಂಕು. ಏನ್ರೀ, ಗಾಡಿಗೆ ಹಾಕಿಸಿದ್ರಾ, ಕುಡಿದ್ರಾ?"

ಯಾರೂ ನನ್ನದು ಎನ್ನದ ಸಾಲಿಗೆ ಕೆಂಪು ಗೆರೆ ಬೀಳುತ್ತಿತ್ತು. ಗೆರೆ ಬಿತ್ತೆಂದರೆ ಅಕ್ಕನ ಮೈಯಲ್ಲಿ ಹುರುಪು ತುಂಬುತ್ತಿತ್ತು. ಮೊದಲು ಒಂದು ದೊಡ್ಡ ಲೋಟದಲ್ಲಿ ಟೀ ಮಾಡಿಕೊಂಡು, ಆಮೇಲೆ ಬ್ಯಾಂಕಿಗೆ ಫೋನು ಹಚ್ಚುತ್ತಿದ್ದಳು. ಅತ್ತಲಿಂದ ಸಂಗೀತ ಶುರುವಾದರೆ, "ತಪ್ಪು ನಿಮ್ಮದು, ಕಾಯೋದು ನಾವು. ಕಾಯ್ತೀವಿ ಬಿಡಿ, ಬಸ್‌ಸ್ಟ್ಯಾಂಡಲ್ಲಿ ನಿಂತು ನಿಂತು ಅಭ್ಯಾಸ ಇದೆ," ಎಂದು ಆ ಸಂಗೀತಕ್ಕೇ ಹೇಳುತ್ತಿದ್ದಳು. ಹಿಡಿದ ಪಟ್ಟು ಬಿಡುವ ಹೆಂಗಸಲ್ಲ. ಭಾವ ಎರಡು ದಿನ ಹೋಗಿ ಬಿಟ್ಟ ಜಿಮ್ಮಿನವರು ತಿಂಗಳು ತಿಂಗಳೂ ದುಡ್ಡು ಹಿಡಿಯುತ್ತಿದ್ದಾಗ, ಅಷ್ಟನ್ನೂ ಕಕ್ಕಿಸಿದ್ದಳು. ಅವಳದೊಂದು ನಿಯಮವಿತ್ತು: ತಕರಾರು ಹಾಕಿದ ಮೇಲೆ ಎದುರು ಪಾರ್ಟಿಯ ಜೊತೆ ಮಾತಿಲ್ಲ ಕತೆಯಿಲ್ಲ. ಅವರ ಫೋನು ಎತ್ತಬಾರದು, ಮೇಲ್ ತೆರೆಯಬಾರದು. ಮಾತಿಗಿಳಿದರೆ ಕೇಸು ಕೆಡುತ್ತದೆ.

ದುಡ್ಡು ವಾಪಸು ಬಂದ ತಿಂಗಳು ಒಂದು ಸಂಭ್ರಮ. ಅಷ್ಟೇ ನೋಟುಗಳನ್ನು ಮಾವ ಕವರಿನಲ್ಲಿ ಹಾಕಿ, ಯಾರ ಕಾರ್ಡಿನದೋ ಅವರಿಗೆ ಎದ್ದು ನಿಂತು ಕೊಡುತ್ತಿದ್ದರು. ತೆಗೆದುಕೊಳ್ಳುವವರೂ ಎದ್ದು ನಿಂತು ಎರಡೂ ಕೈ ಚಾಚಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ತಮ್ಮ ದುಡ್ಡನ್ನೇ ತಮಗೆ ಕೊಟ್ಟುಕೊಂಡು ಚಪ್ಪಾಳೆ ತಟ್ಟುವ ಈ ಜನರನ್ನು ಕಂಡು ಕಿರಿಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಆಮೇಲೆ ಒಂದು ತಿಂಗಳು ಚಪ್ಪಲಿ ಅಂಗಡಿಯವನು ಅವಳಿಗೆ ಎರಡು ಸಲ ಬಿಲ್ಲು ಹಾಕಿದ. ಅಕ್ಕ ಅದನ್ನು ಬಿಡಿಸಿ ತಂದಳು. ಮಾವ ಕವರು ಹಿಡಿದು, "ನಿನ್ನದು, ತಗೋಮ್ಮ," ಎಂದರು. ಚಪ್ಪಾಳೆ ಬಿತ್ತು. ಅವತ್ತು ಅವಳಿಗೆ, ನಾನೂ ಈ ಮನೆಯವಳೇ ಎಂದು ಮೊದಲ ಬಾರಿಗೆ ಅನಿಸಿತು.

ಅವಳು ಡ್ರೈಕ್ಲೀನಿಂಗ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಬಟ್ಟೆ ತೆಗೆದುಕೊಳ್ಳುವುದು, ಕಾಲರಿಗೆ ನಂಬರಿನ ಚೀಟಿ ಪಿನ್ನು ಹಾಕುವುದು, ಒಗೆದು ಬಂದ ಮೇಲೆ ಹ್ಯಾಂಗರಿಗೆ ಏರಿಸುವುದು. ತಿಂಗಳುಗಟ್ಟಲೆ ಯಾರೂ ಬಿಡಿಸಿಕೊಂಡು ಹೋಗದ ಬಟ್ಟೆಗಳನ್ನು ಮಾಲೀಕ ದಾನಕ್ಕೆ ಕಳಿಸಿಬಿಡುತ್ತಿದ್ದ. ಬಿಲ್ಲಿನ ಹಿಂದೆ ಹಾಗೆಂದು ಅಚ್ಚಾಗಿತ್ತು. ಇವಳು ಮಾತ್ರ ಅವುಗಳನ್ನು ಪರದೆಯ ಹಿಂದೆ ತೂಗುಹಾಕಿ, ಪುರುಸೊತ್ತಾದಾಗಲೆಲ್ಲ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದಳು. "ಇದೇನು ಅಂಗಡಿನಾ ಅನಾಥಾಶ್ರಮನಾ?" ಎಂದು ಮಾಲೀಕ ಬೈಯುತ್ತಿದ್ದ. ಬೈಸಿಕೊಂಡು ಮತ್ತೆ ಫೋನು ಮಾಡುತ್ತಿದ್ದಳು.

ಕಿರಿಮಗನಿಗೂ ಇವಳಿಗೂ ಮಕ್ಕಳಾಗಿರಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯೊಂದಕ್ಕೆ ಹೋಗಿ ಚಿಕಿತ್ಸೆ ಮಾಡಿಸಿದರು. ಆಗ ಮನೆಯವರೆಲ್ಲ ಜೊತೆಗಿದ್ದರು. ಅರ್ಜಿ ತುಂಬಿಸಿದ್ದೂ ಅಕ್ಕನೇ. ಸೂಜಿ ಹಾಕಿಸಲು ರಜೆ ಹಾಕಿ ಕರೆದುಕೊಂಡು ಹೋದದ್ದೂ ಅವಳೇ. ಗರ್ಭ ನಿಂತಿತು ಎಂದು ತಿಳಿದ ದಿನ ಮಾವ ಹಳೆಯ ಉಳಿಗಳನ್ನು ಸಾಣೆ ಹಿಡಿದರು. ತೊಟ್ಟಿಲು ಮಾಡಲು ಕೂತರು. ಸುತ್ತಲಿನ ಕಂಬಿಗಳನ್ನು ಒಂದೊಂದಾಗಿ ಕಡೆದು, ಮಗುವಿನ ಕೈಗೆ ಸಿಬಿರು ಚುಚ್ಚಬಾರದೆಂದು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ತೊಟ್ಟಿಲು ಮುಗಿಯಿತು, ಗರ್ಭ ಉಳಿಯಲಿಲ್ಲ. ಮಾವ ವಾರವಿಡೀ ಊಟ ಬಿಟ್ಟು ಮಲಗಿದರು. ಆಮೇಲೊಂದು ದಿನ ಯಾರಿಗೂ ಹೇಳದೆ ತೊಟ್ಟಿಲನ್ನು ಕುಯ್ದು, ಬಾಗಿಲ ಬಳಿ ಚಪ್ಪಲಿ ಇಡಲು ಒಂದು ಸ್ಟ್ಯಾಂಡ್ ಮಾಡಿಟ್ಟರು. "ಒಳ್ಳೆ ಮರ, ಹಾಳಾಗಬಾರದು," ಎಂದರು. ಅಂದಿನಿಂದ ಕಿರಿಸೊಸೆ ದಿನಾ ಎರಡು ಸಲ ಆ ಕಂಬಿಗಳ ನಡುವೆ ಚಪ್ಪಲಿ ಇಡುತ್ತಿದ್ದಳು, ತೆಗೆಯುತ್ತಿದ್ದಳು.

ಮನೆಯವರಿಗೆ ತಿಳಿಯದ ಸಂಗತಿ ಒಂದಿತ್ತು. ಚಿಕಿತ್ಸೆಯ ಹೊತ್ತಿಗೆ ಆದ ಭ್ರೂಣಗಳಲ್ಲಿ ಮೂರು ಉಳಿದಿದ್ದವು. ಅವನ್ನು ಆಸ್ಪತ್ರೆಯವರು ಮೈನಸ್ ಎಷ್ಟೋ ಡಿಗ್ರಿ ಚಳಿಯಲ್ಲಿ ಹೆಪ್ಪುಗಟ್ಟಿಸಿ ಕಾಪಾಡುತ್ತಿದ್ದರು. ವರ್ಷಕ್ಕೊಮ್ಮೆ ಅದಕ್ಕೆ ಬಾಡಿಗೆ, ಅದು ಗಂಡನ ಕಾರ್ಡಿನಿಂದ ಹೋಗುತ್ತಿತ್ತು. ಮತ್ತೊಮ್ಮೆ ಹೊಸದಾಗಿ ಎಲ್ಲ ಮಾಡಿಸುವಷ್ಟು ಅವಳ ದೇಹದಲ್ಲಿ ತ್ರಾಣವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಇದ್ದರೆ ಆ ಮೂರೇ. ಮೈ ಸುಧಾರಿಸಿಕೊಂಡು ಮುಂದಿನ ವರ್ಷ ಪ್ರಯತ್ನಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. "ಈ ಸಲ ಕೈಗೆ ಮಗು ಬರೋವರೆಗೂ ಯಾರಿಗೂ ಹೇಳೋದು ಬೇಡ," ಎಂದಿದ್ದ ಗಂಡ. "ಅಪ್ಪ ಇನ್ನೊಂದು ತೊಟ್ಟಿಲು ಕುಯ್ಯೋದನ್ನ ನಾನು ನೋಡಲಾರೆ." ಅವಳು ಅವನ ಕೈ ಹಿಡಿದು ಮಾತು ಕೊಟ್ಟಿದ್ದಳು. ಇದು ಗುಟ್ಟೂ ಅಲ್ಲ, ಮೋಸವೂ ಅಲ್ಲ. ಮುದುಕನ ಮೇಲಿನ ಮಮತೆ.

ಹೀಗಿರುವಾಗ ಒಂದು ಭಾನುವಾರ ಅಕ್ಕ ಅಡಿಕೋಲನ್ನು ಕಿರಿಸೊಸೆಯ ಮರಿಕಾರ್ಡಿನ ಸಾಲೊಂದರ ಕೆಳಗಿಟ್ಟಳು. ಮೂರು ಇಂಗ್ಲಿಷ್ ಅಕ್ಷರ, ಮುಂದೆ ಸ್ಟೋರೇಜ್ ಎಂದಿತ್ತು. ಮೊತ್ತ ಸಣ್ಣದೇನಲ್ಲ.

"ಏನೇ ಇದು, ಗೋಡೌನು? ಯಾರದು?"

ಅವಳು ಬಗ್ಗಿ ನೋಡಿದಳು. ಆ ಹೆಸರನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ನನ್ನದಲ್ಲ ಅಕ್ಕ."

"ಸರಿಯಾಗಿ ನೋಡು."

"ದೇವರಾಣೆ ನನ್ನದಲ್ಲ. ನಂದೇನಿದೆ ಗೋಡೌನಲ್ಲಿ ಇಡೋಕೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೆಂಪು ಗೆರೆ ಬಿತ್ತು. ಅಕ್ಕ ಟೀ ಮಾಡಿಕೊಂಡು ಬ್ಯಾಂಕಿಗೆ ಫೋನು ಹಚ್ಚಿ, ಈ ಕಂಪನಿ ಯಾವುದೆಂದೇ ನಮಗೆ ಗೊತ್ತಿಲ್ಲ, ಅವರೊಂದಿಗೆ ನಮ್ಮ ಯಾವ ವ್ಯವಹಾರವೂ ಇಲ್ಲ ಎಂದು ಹೇಳಿಕೆ ಕೊಟ್ಟಳು. ಬ್ಯಾಂಕಿನವರು ಹಳೆಯ ಮರಿಯನ್ನು ರದ್ದು ಮಾಡಿ ಹೊಸ ಮರಿ ಕಳಿಸಿದರು. ಮುಂದಿನ ವಾರಗಳಲ್ಲಿ ಊಟದ ಹೊತ್ತಿಗೆ ಅಕ್ಕ ಆಗಾಗ ವರದಿ ಒಪ್ಪಿಸುತ್ತಿದ್ದಳು: "ಆ ಗೋಡೌನಿನವರು ಮತ್ತೆ ಮೇಲ್ ಹಾಕಿದಾರೆ. ನಮ್ಮ ಮೇಲ್ ಐಡಿ ಎಲ್ಲಿಂದ ಕದ್ದರೋ! ನಾನು ತೆರೆದೂ ನೋಡಿಲ್ಲ. ಬ್ಲಾಕ್ ಮಾಡಿ ಒಗೆದೆ." ಭಾವ ಭಲೆ ಎಂದ. ಕಿರಿಸೊಸೆ, "ನಮ್ಮಕ್ಕನ ಹತ್ರ ನಡಿಯುತ್ತಾ ಅವರ ಆಟ," ಎಂದಳು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೋಟುಗಳಿಗೆ ಚೀಟಿ ಹಾಕುತ್ತಿದ್ದಾಗ ಗಂಡನ ಫೋನು ಬಂತು. ಅದೂ ಇದೂ ಮಾತಾಡಿ, "ಅಲ್ವೇ, ಆಸ್ಪತ್ರೆಯವರು ಈ ವರ್ಷದ ಬಾಡಿಗೆ ಹಿಡಿದೇ ಇಲ್ವಲ್ಲ," ಎಂದ. "ನನ್ನ ಕಾರ್ಡಿನ ಅವಧಿ ಮುಗಿದು ಹೊಸದು ಬಂದಿತ್ತು, ಅದಕ್ಕೇ ಇರಬೇಕು. ಒಂದು ಫೋನ್ ಮಾಡಿ ವಿಚಾರಿಸು."

ಅವಳು ಫೋನು ಮಾಡಿದಳು. ಅತ್ತಲಿಂದ ಮೊದಲು ರೆಕಾರ್ಡು ಮಾಡಿದ ದನಿ ಬಂತು. ಆಸ್ಪತ್ರೆಯ ಹೆಸರು ಹೇಳಿತು. ಆಮೇಲೆ, ತಮ್ಮ ಶೈತ್ಯ ವಿಭಾಗವನ್ನು ಈಗ ನಡೆಸುತ್ತಿರುವುದು ಇಂಥ ಕಂಪನಿ ಎಂದಿತು. ಮೂರು ಅಕ್ಷರ. ಮುಂದೆ ಸ್ಟೋರೇಜ್.

ಪಿನ್ನು ಬೆರಳಿಗೆ ಚುಚ್ಚಿಕೊಂಡಿದ್ದು ಕೂಡ ಗೊತ್ತಾಗಲಿಲ್ಲ.

ಹುಡುಗಿಯೊಬ್ಬಳು ಫೋನಿಗೆ ಬಂದು ವಿವರ ಹೇಳಿದಳು. ಯಜಮಾನರ ಕಾರ್ಡು ನಡೆಯಲಿಲ್ಲ. ಫೈಲಿನಲ್ಲಿ ಇನ್ನೊಂದು ಕಾರ್ಡಿತ್ತು, ಹಿಂದೆ ಯಾವಾಗಲೋ ಔಷಧಿಗೆ ನೀವೇ ಕೊಟ್ಟದ್ದು, ಅದರಿಂದ ಹಿಡಿದೆವು. ಆಮೇಲೆ ನಿಮ್ಮ ಬ್ಯಾಂಕು ಅದನ್ನು ವಾಪಸು ಎಳೆದುಕೊಂಡಿತು. ನೀವೇ ತಕರಾರು ಹಾಕಿದ್ದೀರಿ. ಫೈಲಿನಲ್ಲಿರುವ ಮೇಲ್‌ಗೆ ನೋಟೀಸು ಕಳಿಸಿದ್ದೇವೆ, ಉತ್ತರ ಬಂದಿಲ್ಲ.

ಫೈಲಿನಲ್ಲಿದ್ದದ್ದು ಅಕ್ಕನ ಮೇಲ್. ಅರ್ಜಿ ತುಂಬಿದ್ದು ಅಕ್ಕ ತಾನೆ.

"ಈಗಲೇ ಕಟ್ತೀನಿ," ಎಂದಳು. "ಎರಡರಷ್ಟು ಕಟ್ತೀನಿ. ಹೇಗೆ ಕಟ್ಟಲಿ, ಹೇಳಿ."

"ತಕರಾರು ಇರೋವರೆಗೂ ಸಿಸ್ಟಮ್ ದುಡ್ಡು ತಗೊಳ್ಳಲ್ಲ ಮೇಡಂ. ಬ್ಯಾಂಕಲ್ಲಿ ಅದನ್ನ ವಾಪಸ್ ತಗೊಂಡು ಪತ್ರ ತನ್ನಿ. ಬೇಗ ತನ್ನಿ. ಕಟ್ಟದಿರೋರ ಪಟ್ಟಿ ಲ್ಯಾಬಿಗೆ ಹೋಗುತ್ತೆ."

"ಹೋದ್ರೆ?"

"ಕರಾರಿನಲ್ಲಿ ಬರೆದಿದೆ ಮೇಡಂ," ಎಂದಳು ಹುಡುಗಿ, ಮೆಲ್ಲಗೆ.

ಅವಳು ಪರದೆಯ ಹಿಂದೆ ಹೋಗಿ, ಯಾರೂ ಬಿಡಿಸಿಕೊಳ್ಳದ ಬಟ್ಟೆಗಳ ನಡುವೆ ನಿಂತುಕೊಂಡು ಬ್ಯಾಂಕಿಗೆ ಫೋನು ಮಾಡಿದಳು. ಸಂಗೀತ ಮುಗಿದು ಹುಡುಗನೊಬ್ಬ ಬಂದ. ತುಂಬ ಮರ್ಯಾದಸ್ಥ.

"ಆ ಖರ್ಚು ನನ್ನದೇ. ನಾನು ಒಪ್ಕೋತಿದೀನಿ. ತಪ್ಪಾಗಿ ತಕರಾರು ಹಾಕಿದ್ವಿ, ತೆಗೆದುಬಿಡಿ."

"ನಿಮ್ಮದು ಆಡ್-ಆನ್ ಕಾರ್ಡು ಮೇಡಂ. ಮೂಲ ಕಾರ್ಡಿನವರೇ ಮಾತಾಡಬೇಕು."

"ನನ್ನ ಖರ್ಚು ನನ್ನದು ಅಂತ ಹೇಳೋಕೆ ಬೇರೆಯವರು ಯಾಕೆ ಬೇಕು?"

"ನಿಮ್ಮ ಸುರಕ್ಷತೆಗೇ ಮೇಡಂ ಈ ನಿಯಮ," ಎಂದ ಹುಡುಗ. ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿದ.

ಗಂಡನಿಗೆ ಮಾಡಿದರೆ ಫೋನು ಸಿಗಲಿಲ್ಲ. ಲಿಫ್ಟಿನ ಗುಂಡಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ಸಂಜೆ ಅವನೇ ಮಾಡಿದ. ಎಲ್ಲ ಕೇಳಿಸಿಕೊಂಡ. ಆಮೇಲೆ, "ಅತ್ತಿಗೆಗೆ ಹೇಳ್ಬೇಡ," ಎಂದ. "ಅತ್ತಿಗೆ ಬಾಯಲ್ಲಿ ನಿಲ್ಲಬಹುದು, ಅಣ್ಣನ ಬಾಯಲ್ಲಿ ನಿಲ್ಲಲ್ಲ. ಅಣ್ಣಂಗೆ ಗೊತ್ತಾದ್ರೆ ಅಪ್ಪಂಗೆ ಗೊತ್ತಾಯ್ತು ಅಂತಲೇ ಲೆಕ್ಕ. ಶನಿವಾರ ನಾನು ಬಂದೇ ಬರ್ತೀನಿ. ಆಸ್ಪತ್ರೆಗೆ ನಾನೇ ಹೋಗಿ ಕೂತ್ಕೋತೀನಿ. ಎದುರಿಗೆ ಹೋಗಿ ದುಡ್ಡು ಇಟ್ರೆ ಯಾರು ಬೇಡ ಅಂತಾರೆ?"

ಅವಳು ಇಲ್ಲಿ ತಪ್ಪಿದಳು ಎಂದು ಕೂತಲ್ಲಿಂದ ಹೇಳುವುದು ಸುಲಭ. ಆಗಲೇ ಅಕ್ಕನ ಕಾಲಿಗೆ ಬೀಳಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಆದರೆ ಕೊಟ್ಟ ಮಾತು, ಗಂಡನ ಬೇಡಿಕೆ, ಬಾಗಿಲ ಬಳಿಯ ಆ ಚಪ್ಪಲಿ ಸ್ಟ್ಯಾಂಡು, ಇವೆಲ್ಲ ಸೇರಿ ಅವಳ ಬಾಯಿಗೆ ಬೀಗ ಜಡಿದವು. ಶನಿವಾರದವರೆಗೆ ಅವಳು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಏಳುತ್ತಿದ್ದಳು. ಅಕ್ಕ ಎರಡು ಸಲ, "ಏನೇ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. ಹೇಳಿಬಿಡೋಣ ಎಂದು ಬಾಯಿ ತೆರೆದರೆ, ಪಕ್ಕದಲ್ಲಿ ಮಾವ ಕೂತಿರುತ್ತಿದ್ದರು.

ಶನಿವಾರ ಗಂಡ ಬರಲಿಲ್ಲ. ಹೊಸ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತಂತೆ, ಮೇಲಧಿಕಾರಿ ಬಿಡಲಿಲ್ಲವಂತೆ. ಫೋನಿನಲ್ಲಿ ಅವನು ಅಳುವುದೊಂದು ಬಾಕಿ. ಸೋಮವಾರ ಇವಳೇ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಇದ್ದಬದ್ದ ನೋಟುಗಳನ್ನೆಲ್ಲ ಪರ್ಸಿಗೆ ತುರುಕಿಕೊಂಡು ಆಸ್ಪತ್ರೆಗೆ ಹೋದಳು.

ಕೌಂಟರಿನಲ್ಲಿ ಅರೆತಲೆ ನರೆತ ಗುಮಾಸ್ತನಿದ್ದ. ಕೆಟ್ಟವನಲ್ಲ. ಕುರ್ಚಿ ತೋರಿಸಿದ, ನೀರು ಕೊಟ್ಟ. ಅವಳು ನೋಟುಗಳನ್ನು ಗಾಜಿನ ಕೆಳಗಿಂದ ತಳ್ಳಿದಳು. ಅವನು ಅವನ್ನು ಜೋಡಿಸಿ, ಅಂಚು ಸರಿಮಾಡಿ, ಹಾಗೆಯೇ ಹಿಂದಕ್ಕೆ ತಳ್ಳಿದ.

"ತಗೊಂಡ್ರೆ ಎಲ್ಲಿ ಹಾಕ್ಲಿ ಅಮ್ಮಾ? ನಿಮ್ಮ ಖಾತೆ ತೆರೆಯೋಕೇ ಬರ್ತಿಲ್ಲ, ಕೆಂಪಾಗಿದೆ ನೋಡಿ." ಪರದೆಯನ್ನು ಅವಳತ್ತ ತಿರುಗಿಸಿದ. "ನೀವು ನಮ್ಮನ್ನ ಗೊತ್ತೇ ಇಲ್ಲ ಅಂದಿದ್ದೀರಿ. ಗೊತ್ತಿಲ್ಲದವರ ವಸ್ತು ನಮ್ಮ ಹತ್ರ ಹೇಗಿರುತ್ತೆ ಅಂತ ಮೇಲಿನವರು ಕೇಳ್ತಾರೆ."

"ವಸ್ತು ಅನ್ಬೇಡಿ," ಎಂದಳು ಅವಳು.

ಗುಮಾಸ್ತ ತಲೆ ತಗ್ಗಿಸಿದ. ಲ್ಯಾಬು ಇಲ್ಲಿಲ್ಲ, ಬೇರೆ ಊರಲ್ಲಿದೆ, ಅಲ್ಲಿಯವರ ಮುಖವನ್ನು ತಾನೂ ನೋಡಿಲ್ಲ ಎಂದ. ಬ್ಯಾಂಕಿನ ಪತ್ರ ಇವತ್ತೇ ಸಿಕ್ಕಿದರೆ ಇವತ್ತೇ ಕಳಿಸುತ್ತೇನೆ ಎಂದ. ಅವಳು ದಿನಾ ಗಿರಾಕಿಗಳಿಗೆ ಹೇಳುವ ಮಾತೂ ಹೆಚ್ಚುಕಡಿಮೆ ಇದೇ: ಬಿಲ್ಲಿನ ಹಿಂದೆ ಬರೆದಿದೆ ನೋಡಿ. ಆದರೆ ಅವಳ ಅಂಗಡಿಯಲ್ಲಿ ಪರದೆಯೊಂದಿತ್ತು, ಅದರ ಹಿಂದೆ ಜಾಗವಿತ್ತು. ಇಲ್ಲಿ ಅಂಥದ್ದೇನೂ ಕಾಣಿಸಲಿಲ್ಲ.

ಅವತ್ತು ಸಂಜೆ ಅಕ್ಕ ಡ್ಯೂಟಿ ಮುಗಿಸಿ ಬಂದು, ಬಾಗಿಲ ಬಳಿ ಬೂಟಿನ ದಾರ ಬಿಚ್ಚುತ್ತಿದ್ದಳು. ಮಾವ ವಾಕಿಂಗ್ ಹೋಗಿದ್ದರು, ಭಾವ ಇನ್ನೂ ಬಂದಿರಲಿಲ್ಲ. ಕಿರಿಯವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟಳು. ಅಕ್ಕನ ಕೈ ಬೂಟಿನ ದಾರದಲ್ಲೇ ನಿಂತಿತು.

"ಮೂರಾ?" ಎಂದಳು ಕೊನೆಗೆ.

"ಮೂರು ಅಕ್ಕ."

"ನನ್ನ ಹತ್ರ ಯಾಕೆ ಹೇಳ್ಲಿಲ್ವೇ? ನಾನೇನು ಹೊರಗಿನವಳಾ?"

ಅವಳು ಚಪ್ಪಲಿ ಸ್ಟ್ಯಾಂಡಿನತ್ತ ನೋಡಿದಳು. ಅಕ್ಕನೂ ನೋಡಿದಳು. ಮತ್ತೆ ಕೇಳಲಿಲ್ಲ. ಒಂದು ಕಾಲಲ್ಲಿ ಬೂಟು ಹಾಗೇ ಇರುವಾಗಲೇ ಫೋನು ತೆಗೆದಳು. ಈ ಸಲ ಟೀ ಮಾಡಿಕೊಳ್ಳಲಿಲ್ಲ. ಸಂಗೀತದ ಜೊತೆ ಮಾತಾಡಲಿಲ್ಲ.

"ನಾನೇ ಮೂಲ ಕಾರ್ಡಿನವಳು. ಆ ತಕರಾರು ತಪ್ಪು. ವಾಪಸ್ ತಗೋತೀನಿ."

ಅತ್ತಲಿನ ಹೆಣ್ಣುದನಿ ನಗುನಗುತ್ತಾ ಹೇಳಿತು: "ಅದರ ಅಗತ್ಯವೇ ಇಲ್ಲ ಮೇಡಂ! ನಿಮ್ಮ ತಕರಾರು ನಿಮ್ಮ ಪರವಾಗಿ ತೀರ್ಮಾನ ಆಗಿದೆ. ಅಭಿನಂದನೆಗಳು. ಮುಂದಿನ ಸ್ಟೇಟ್‌ಮೆಂಟಲ್ಲಿ ಪೂರ್ತಿ ಮೊತ್ತ ಜಮಾ ಆಗುತ್ತೆ."

"ನನಗೆ ಬೇಡ."

"ಹಾಗಂದ್ರೆ ಮೇಡಂ?"

"ದುಡ್ಡು ಬೇಡ. ಅವರಿಗೇ ಕೊಟ್ಟುಬಿಡಿ. ನಾನು ಸೋತೆ ಅಂತ ಬರ್ಕೊಳ್ಳಿ."

"ಮುಚ್ಚಿದ ತಕರಾರನ್ನ ತೆರೆಯೋಕೆ ಬರಲ್ಲ ಮೇಡಂ. ಅವರು ನಿಗದಿತ ಸಮಯದಲ್ಲಿ ಉತ್ತರ ಕೊಟ್ಟಿದ್ರೆ..."

"ಅಮ್ಮಾ, ನಿಂಗೆ ಕೈ ಮುಗಿದು ಕೇಳ್ಕೋತೀನಿ." ಬಸ್ಸುಗಳಲ್ಲಿ ಎಷ್ಟೋ ಜನ ಅಕ್ಕನಿಗೆ ಕೈ ಮುಗಿದು ಬೇಡಿಕೊಂಡದ್ದುಂಟು. ಅಕ್ಕ ಯಾರನ್ನಾದರೂ ಬೇಡಿಕೊಂಡದ್ದನ್ನು ಕಿರಿಯವಳು ಅವತ್ತೇ ಮೊದಲು ಕೇಳಿದ್ದು. ಹೆಣ್ಣುದನಿ ಎಲ್ಲ ಕೇಳಿಸಿಕೊಂಡು, ತಮ್ಮ ಅಭಿಪ್ರಾಯವನ್ನು ದಾಖಲಿಸಿಕೊಂಡಿದ್ದೇವೆ ಎಂದಿತು.

ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದರು. ರಜೆ ಹಾಕಿದ್ದರೂ ಅಕ್ಕ ಯೂನಿಫಾರ್ಮು ತೊಟ್ಟಿದ್ದಳು; ಹಾಕಿಕೊಂಡರೆ ಯಾರಾದರೂ ಮಾತು ಕೇಳಿಯಾರು ಎಂಬ ಆಸೆಯೋ ಏನೋ. ಗುಮಾಸ್ತ ಎದ್ದು ನಿಂತ. ಅಕ್ಕ ಅವನ ಮುಂದೆ ತನ್ನ ಅಪರಾಧವನ್ನೆಲ್ಲ ಒಪ್ಪಿಕೊಂಡಳು: ತಕರಾರು ಹಾಕಿದವಳು ನಾನು, ಮೇಲ್ ತೆರೆಯದವಳು ನಾನು, ದಂಡ ಹಾಕುವುದಿದ್ದರೆ ನನಗೆ ಹಾಕಿ, ಈ ಹುಡುಗಿಯದೇನೂ ತಪ್ಪಿಲ್ಲ. ಗುಮಾಸ್ತ ಕೀಲಿಮಣೆ ಕುಟ್ಟಿದ, ಯಾರಿಗೋ ಫೋನು ಮಾಡಿದ, ಮತ್ತಾರಿಗೋ ಬರೆದ.

"ತಕರಾರು ತೀರ್ಮಾನ ಆದ ಕೂಡಲೇ ಕರಾರು ತಾನಾಗಿಯೇ ಮುಗಿದಿದೆ," ಎಂದ. "ಪಟ್ಟಿ ಲ್ಯಾಬಿಗೆ ಹೋಗಿದೆ. ತಡೆಹಿಡೀರಿ ಅಂತ ಬರೆದಿದೀನಿ. ಅಲ್ಲಿ ಏನಾಗಿದೆ ಅಂತ ನಂಗೆ ಕಾಣಿಸಲ್ಲ. ಅವರೇ ನಿಮಗೆ ಮೇಲ್ ಮಾಡ್ತಾರೆ."

"ಯಾವ ಮೇಲ್‌ಗೆ?"

ಗುಮಾಸ್ತ ಓದಿ ಹೇಳಿದ. ಅಕ್ಕನದೇ.

ಅಕ್ಕ ಅಲ್ಲೇ ನಿಂತು ಫೋನು ತೆಗೆದು, ಬ್ಲಾಕ್ ಮಾಡಿದ್ದನ್ನು ಬಿಡಿಸಿದಳು. ಹಳೆಯ ಮೇಲ್‌ಗಳೆಲ್ಲ ಬ್ಲಾಕಿನವುಗಳ ಕಸದ ಬುಟ್ಟಿಯಲ್ಲಿ ಹಾಗೇ ಇದ್ದವು. ಮೊದಲನೆಯದರಲ್ಲಿ ಕಿರಿಯವಳ ಹೆಸರು ಹಿಡಿದು, ಪ್ರೀತಿಯ ಪೋಷಕರೇ ಎಂದು ಸಂಬೋಧಿಸಿದ್ದರು. ಅಕ್ಕ ಅಷ್ಟನ್ನು ಓದಿ ಫೋನನ್ನು ಎದೆಗೆ ಒತ್ತಿಕೊಂಡು, ಕಿರಿಯವಳಿಗೆ ತೋರಿಸದೆ ಹೊರಗೆ ನಡೆದಳು.

ಆ ವಾರ ಇಬ್ಬರಿಗೂ ಮಾಡಲು ಏನೂ ಇರಲಿಲ್ಲ. ಮಾಡಲು ಏನಾದರೂ ಇದ್ದಿದ್ದರೆ, ಬೆಟ್ಟ ಅಗೆಯಲು ಹೇಳಿದ್ದರೂ ಅಗೆಯುತ್ತಿದ್ದರು. ಅಕ್ಕ ಬಸ್ಸು ಹತ್ತುವಾಗ, ಇಳಿಯುವಾಗ ಫೋನು ನೋಡುತ್ತಿದ್ದಳು. ಟಿಕೆಟ್ ಇಲ್ಲದವರು ಅವಳ ಕಣ್ಣೆದುರೇ ಇಳಿದು ಹೋಗುತ್ತಿದ್ದರಂತೆ. ಮನೆಯಲ್ಲಿ ಇಬ್ಬರೂ ಅಡುಗೆಮನೆಯಲ್ಲಿ ಎದುರಾದರೆ ಅಕ್ಕ ಇಲ್ಲ ಎಂದು ತಲೆ ಆಡಿಸುತ್ತಿದ್ದಳು, ಇವಳು ಹೂಂ ಎನ್ನುತ್ತಿದ್ದಳು. ಮಾವನಿಗೆ ಏನೂ ಗೊತ್ತಿರಲಿಲ್ಲ. "ವಾರಗಿತ್ತಿಯರಿಬ್ಬರೂ ಏನೋ ಮಸಲತ್ತು ನಡೆಸ್ತಿದೀರಿ," ಎಂದು ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಒಂದು ಬೆಳಿಗ್ಗೆ ಅಂಗಡಿಯೆದುರು ಬಸ್ಸೊಂದು ನಿಂತಿತು. ಅದು ನಿಲ್ದಾಣವೇ ಅಲ್ಲ. ಅಕ್ಕ ಇಳಿದು ಬಂದಳು. ಡ್ಯೂಟಿಯ ನಡುವೆ ಬಸ್ಸು ನಿಲ್ಲಿಸಿ ಸ್ವಂತ ಕೆಲಸಕ್ಕೆ ಇಳಿಯುವುದು ಅವಳ ಪಾಲಿಗೆ ಕಳ್ಳತನಕ್ಕೆ ಸಮ. ಕೌಂಟರಿನ ಮುಂದೆ ನಿಂತಳು, ಗಿರಾಕಿಯಂತೆ ಎರಡೂ ಕೈ ಕೌಂಟರಿನ ಮೇಲಿಟ್ಟು.

ಕಿರಿಯವಳು ಮುಖ ನೋಡಿದಳು. ಕೇಳುವುದೇನೂ ಉಳಿಯಲಿಲ್ಲ.

"ಅವತ್ತು ಸಂಜೆ ನಾವು ಬ್ಯಾಂಕಿಗೆ ಫೋನು ಮಾಡೋಕೆ ಮುಂಚೆಯೇ ಮೂರನ್ನೂ ತೆಗೆದುಹಾಕಿ ಆಗಿತ್ತಂತೆ," ಎಂದಳು ಅಕ್ಕ. "ಒಂದೇ ಸಾಲು ಬರೆದಿದಾರೆ. ನಾನು ಗೆದ್ದುಬಿಟ್ಟೆ ಕಣೇ. ಎಲ್ಲಾದ್ರೂ ಒಂದು ಸಲ ಸೋಲಬಾರದಾಗಿತ್ತಾ ನಾನು?"

ಅವಳು ಅತ್ತಳು, ಅಷ್ಟು ದೊಡ್ಡ ಹೆಂಗಸು, ಟೋಪಿ ಬ್ಯಾಡ್ಜು ಹಾಕಿಕೊಂಡು, ರಸ್ತೆಗೆಲ್ಲ ಕಾಣುವ ಹಾಗೆ. ಬಸ್ಸಿನವರು ಕಿಟಕಿಯಿಂದ ನೋಡಿದರು. ಕಿರಿಯವಳಿಗೆ ಅಳು ಬರಲಿಲ್ಲ. ಕೌಂಟರಿನ ಮೇಲಿಂದ ಕೈ ಚಾಚಿ ಅಕ್ಕನ ಮುಂಗೈ ಹಿಡಿದುಕೊಂಡಳು. ಅಕ್ಕನ ಮೇಲೆ ಸಿಟ್ಟು ಬರಲಿ ಎಂದು ಒಳಗೊಳಗೆ ಹುಡುಕಿದಳು. ಸಿಟ್ಟಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತಿತ್ತು. ಅದೂ ಸಿಗಲಿಲ್ಲ. ಕಂಡಕ್ಟರು ಸೀಟಿ ಊದಿದ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಹೋದಳು.

ತಿಂಗಳ ಭಾನುವಾರ ಬಂತು. ಅಷ್ಟರಲ್ಲಿ ಗಂಡನೂ ಊರಿಂದ ಬಂದಿದ್ದ. ಬಂದ ರಾತ್ರಿ ಅವನು ಗೋಡೆಗೆ ಮುಖ ಮಾಡಿ ಮಲಗಿದ; ಅವಳು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು. ಮನೆಯಲ್ಲಿ ಗೊತ್ತಿದ್ದದ್ದು ಆ ಮೂವರಿಗೆ ಮಾತ್ರ. ಮುದುಕನಿಗೆ ಹೇಳುವುದು ಬೇಡವೆಂದು ಅಕ್ಕನೇ ಹೇಳಿದ್ದಳು. ಹೇಳಿ ಈಗ ಏನಾಗಬೇಕಿತ್ತು?

ಅಕ್ಕ ಅಡಿಕೋಲು ಇಟ್ಟು ಓದತೊಡಗಿದಳು. ದನಿ ತಗ್ಗಿತ್ತು. ಔಷಧಿ ಅಂಗಡಿ, ಯಾರದು? ನನ್ನದು. ಪೆಟ್ರೋಲು, ಯಾರದು? ನನ್ನದು. ಕೋಲು ಒಂದು ಸಾಲಿಗೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ. ಅಕ್ಕ ಬಾಯಿ ತೆರೆದಳು, ಮುಚ್ಚಿದಳು, ಕೆಮ್ಮಿದಳು.

"ಏನಮ್ಮಾ, ಕನ್ನಡಕ ಬದಲಾಯಿಸೋ ಕಾಲ ಬಂತಾ?" ಎಂದು ಮಾವ ಎದ್ದು ಬಂದು, ಅವಳ ಹೆಗಲ ಮೇಲಿಂದ ಬಗ್ಗಿ, ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು. ಅವರ ಮುಖ ಅರಳಿತು. "ಅರೆರೆ! ಗೋಡೌನಿಂದು ವಾಪಸ್ ಬಂದಿದೆ! ಪೂರ್ತಿ ಬಂದಿದೆ! ಭೇಷ್, ನನ್ನ ಸೊಸೆಯೇ ಸೊಸೆ. ಇಷ್ಟು ದೊಡ್ಡದು ನಮ್ಮನೆಗೆ ಇದೇ ಮೊದಲು."

ಅವರು ಒಳಗೆ ಹೋಗಿ, ತಮ್ಮ ಪೆಟ್ಟಿಗೆಯಿಂದ ನೋಟು ಎಣಿಸಿ ಕವರಿಗೆ ತುಂಬಿಕೊಂಡು ಬಂದರು. ಅದಕ್ಕೆ ಇಷ್ಟು ಹೊತ್ತಾ ಎಂದು ಭಾವ ಗೊಣಗಿದ. ಉಳಿದ ಮೂವರೂ ಮೇಜನ್ನು ನೋಡುತ್ತಾ ಕೂತಿದ್ದರು. ಮಾವ ಮೇಜಿನ ತುದಿಯಲ್ಲಿ ನೆಟ್ಟಗೆ ನಿಂತು, ಅಕ್ಕನ ದನಿಯನ್ನೇ ಅಣಕಿಸುತ್ತಾ, ಗತ್ತಿನಿಂದ ಕೂಗಿದರು:

"ಸ್ಟೋರೇಜ್. ಯಾರದು?"

ಗಂಡ ಕುರ್ಚಿಯ ಅಂಚು ಹಿಡಿದುಕೊಂಡ. ಅಕ್ಕ ತಲೆ ಎತ್ತಲಿಲ್ಲ.

"ಹೇಳಮ್ಮ," ಎಂದರು ಮಾವ, ಕವರು ಚಾಚಿ. "ನಿನ್ನ ಕಾರ್ಡಿನದು ತಾನೇ? ಯಾರದು ಇದು?"

ಕಿರಿಸೊಸೆ ಎದ್ದು ನಿಂತಳು. ಎರಡೂ ಕೈ ಚಾಚಿದಳು.

"ನನ್ನದು ಮಾವ," ಎಂದಳು.

ಮಾವ ಕವರನ್ನು ಅವಳ ಅಂಗೈಗಳ ಮೇಲಿಟ್ಟು ಚಪ್ಪಾಳೆ ತಟ್ಟಿದರು. ಭಾವ ತಟ್ಟಿದ. ಆಮೇಲೆ ಗಂಡನೂ ತಟ್ಟಿದ, ಅಕ್ಕನೂ ತಟ್ಟಿದಳು.